ನಡುಮಧ್ಯಾಹ್ನದ ವಿಶ್ವಕಪ್



ಫುಟ್‌ಬಾಲಿನ ಚಿತ್ರ ಬರೆಯಿರಿ ಎಂದರೆ ನೀವು ಏನು ಮಾಡುತ್ತೀರಿ? ಒಂದು ವೃತ್ತ ಎಳೆದು, ಅದರೊಳಗೆ ಕಪ್ಪು ಮನೆಗಳನ್ನೂ ಬಿಳಿ ಮನೆಗಳನ್ನೂ ತುಂಬುತ್ತೀರಿ. ವಿಶ್ವಕಪ್ಪಿಗೆ ಈ ಚೆಂಡು ಮೊದಲು ಬಂದದ್ದು 1970ರಲ್ಲಿ, ಮೆಕ್ಸಿಕೊ ದೇಶದಲ್ಲಿ. ಅದರ ಹೆಸರು ‘ಟೆಲ್‌ಸ್ಟಾರ್’, ಅಂದರೆ ಟೆಲಿವಿಷನ್ನಿನ ತಾರೆ. ಕಪ್ಪು-ಬಿಳುಪು ಟಿವಿಯಲ್ಲಿ ಚೆಂಡು ಎದ್ದು ಕಾಣಲೆಂದೇ ಅದಕ್ಕೆ ಆ ಬಣ್ಣ ಕೊಟ್ಟಿದ್ದರು.

ಅದರಲ್ಲಿ 12 ಕಪ್ಪು ಪಂಚಭುಜಗಳು, 20 ಬಿಳಿ ಷಡ್ಭುಜಗಳು. ಪ್ರತಿ ಮೂಲೆಯೂ ಒಂದೇ ಒಂದು ಪಂಚಭುಜಕ್ಕೆ ಸೇರಿದ್ದು. ಹಾಗಾದರೆ ಒಟ್ಟು ಮೂಲೆಗಳೆಷ್ಟು? ಹನ್ನೆರಡೈದಲೆ ಅರವತ್ತು. ಅರವತ್ತು ಇಂಗಾಲದ ಪರಮಾಣುಗಳು ಇದೇ ಆಕಾರದಲ್ಲಿ ಜೋಡಣೆಯಾಗುವುದನ್ನು ವಿಜ್ಞಾನಿಗಳು 1985ರಲ್ಲಿ ಕಂಡುಕೊಂಡರು. ಅದಕ್ಕೆ 1996ರಲ್ಲಿ ನೊಬೆಲ್ ಬಹುಮಾನವೂ ಬಂತು.

ನಾನು ವಿಜ್ಞಾನ ಓದಿ ಟಿವಿ ಕಾರ್ಯಕ್ರಮಗಳ ನಿರ್ಮಾಣಕ್ಕೆ ಬಂದವನು. ಆ ಕೂಟ ನಡೆದಾಗ ನಾನಿನ್ನೂ ಹುಟ್ಟಿರಲಿಲ್ಲ. ಆಗ ಭಾರತದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ನಮ್ಮ ಹಿರಿಯರು ಫಲಿತಾಂಶವನ್ನು ಪತ್ರಿಕೆಯಲ್ಲಿ ಓದಿ ತಿಳಿದರು. ನಾನು ಅದನ್ನು ನೋಡಿದ್ದು ಎಷ್ಟೋ ವರ್ಷಗಳ ನಂತರ, ಟೇಪಿನಲ್ಲಿ. ಬ್ರೆಜಿಲ್‌ನ ಹಳದಿ ಅಂಗಿ, ಇಟಲಿಯ ನೀಲಿ ಅಂಗಿ, ಹಸಿರು ಹುಲ್ಲು: ವರ್ಣದಲ್ಲಿ ಪ್ರಸಾರವಾದ ಮೊದಲ ವಿಶ್ವಕಪ್ ಅದು. ಆದರೆ ಎರಡನೆಯ ಸಲ ನೋಡುವಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೊಂದು ಸಂಗತಿ. ಆಟಗಾರರ ನೆರಳು ಅವರ ಕಾಲಬುಡದಲ್ಲೇ ಇತ್ತು!

ಕಾರಣ ಸರಳವಾಗಿದೆ. 1970ರ ಜೂನ್ 21ರಂದು ಅಂತಿಮ ಪಂದ್ಯ ಆರಂಭವಾದದ್ದು ಮಧ್ಯಾಹ್ನ 12 ಗಂಟೆಗೆ. ಮೆಕ್ಸಿಕೊದಲ್ಲಿ ನಡುಮಧ್ಯಾಹ್ನವಾದಾಗ ಯೂರೋಪಿನಲ್ಲಿ ಸಂಜೆ. ಜನ ಮನೆಯಲ್ಲಿ ಟಿವಿಯ ಮುಂದೆ ಕೂರುವ ಹೊತ್ತು. ಉಪಗ್ರಹದ ಮೂಲಕ ನೇರ ಪ್ರಸಾರ ಸಾಧ್ಯವಾಗಿದ್ದ ಕಾಲ ಅದು. ಹೀಗೆ ಆಟದ ಹೊತ್ತನ್ನೂ ಟಿವಿಯೇ ಗೊತ್ತುಮಾಡಿತು.

ಬಿಸಿಲೊಂದೇ ಆಗಿದ್ದರೆ ಒಂದು ಮಾತು. ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇಕಡ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಚೆಂಡಿಗೆ ಮಾತ್ರ ಲಾಭ: ತೆಳುಗಾಳಿಯ ತಡೆ ಕಡಿಮೆಯಾದ್ದರಿಂದ ಅದು ವೇಗವಾಗಿ ಹೋಗುತ್ತದೆ.

ಇಂಥ ಸ್ಥಿತಿಯಲ್ಲಿ ಅವರು ಆಡಿದ ಆಟವನ್ನು ನೋಡಿ. ಜೂನ್ 7ರ ಮಧ್ಯಾಹ್ನ ಗ್ವಾಡಲಹಾರದಲ್ಲಿ ಬ್ರೆಜಿಲ್-ಇಂಗ್ಲೆಂಡ್ ಪಂದ್ಯ. ಪೆಲೆ ತಲೆಯಿಂದ ಕೆಳಮುಖವಾಗಿ ಹೊಡೆದ ಚೆಂಡನ್ನು ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್ ಬಲಕ್ಕೆ ಹಾರಿ, ಗೋಲಿನ ಅಡ್ಡಪಟ್ಟಿಯ ಮೇಲಕ್ಕೆ ತಳ್ಳಿದರು. ಇಂದಿಗೂ ಜನ ಅದನ್ನು ನೆನೆಯುತ್ತಾರೆ. ಜೂನ್ 17ರಂದು ಇಟಲಿ-ಪಶ್ಚಿಮ ಜರ್ಮನಿ ಸೆಮಿಫೈನಲ್. ಹೆಚ್ಚುವರಿ ಅವಧಿಯೊಂದರಲ್ಲೇ ಐದು ಗೋಲು! ಬದಲಿ ಆಟಗಾರರಿಗೆ ವಿಶ್ವಕಪ್ಪಿನಲ್ಲಿ ಅವಕಾಶ ದೊರೆತದ್ದು ಆ ವರ್ಷವೇ ಮೊದಲು. ತಂಡಕ್ಕೆ ಇಬ್ಬರು ಮಾತ್ರ. ಜರ್ಮನಿ ಆ ಇಬ್ಬರನ್ನೂ ಇಳಿಸಿಯಾಗಿತ್ತು. ಹಾಗಾಗಿ ಭುಜದ ಕೀಲು ತಪ್ಪಿದ್ದ ಬೆಕೆನ್‌ಬೌವರ್ ತೋಳನ್ನು ಎದೆಗೆ ಕಟ್ಟಿಸಿಕೊಂಡೇ ಆಟ ಮುಗಿಸಿದರು. ಇಟಲಿ 4-3ರಿಂದ ಗೆದ್ದಿತು. ಆದರೆ ಎರಡು ಗಂಟೆ ಆಡಿ ದಣಿದ ಆ ತಂಡ ನಾಲ್ಕೇ ದಿನಕ್ಕೆ ಫೈನಲಿಗೆ ಇಳಿಯಬೇಕಾಯಿತು.

ಬ್ರೆಜಿಲ್ ಗೆದ್ದದ್ದು ಪೆಲೆಯವರ ಮಾಂತ್ರಿಕ ಕಾಲ್ಚಳಕದಿಂದ ಎನ್ನುತ್ತಾರೆ. ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಆ ತಂಡ ಮೊದಲೇ ಮೆಕ್ಸಿಕೊಕ್ಕೆ ಹೋಗಿ ಎತ್ತರದ ಗ್ವಾನಹ್ವಾಟೊದಲ್ಲಿ ಬೀಡುಬಿಟ್ಟು, ತೆಳುಗಾಳಿಗೆ ಮೈ ಒಗ್ಗಿಸಿಕೊಂಡಿತ್ತು. ಅಂಕಿಗಳನ್ನೇ ನೋಡಿ: ಆರು ಪಂದ್ಯಗಳಲ್ಲಿ ಬ್ರೆಜಿಲ್ 19 ಗೋಲು ಗಳಿಸಿತು, ಅವುಗಳಲ್ಲಿ 12 ಬಂದದ್ದು ಉತ್ತರಾರ್ಧದಲ್ಲಿ, ಎದುರಾಳಿಗಳು ಏದುಸಿರು ಬಿಡುವ ಹೊತ್ತಿನಲ್ಲಿ. ಫೈನಲಿನಲ್ಲೂ ಅದೇ ಆಯಿತು. ಅರ್ಧ ಆಟಕ್ಕೆ 1-1, ಕೊನೆಗೆ 4-1. ಕೊನೆಯ ಗೋಲು 86ನೆಯ ನಿಮಿಷದ್ದು. ಪೆಲೆ ಅವಸರಪಡದೆ ಬಲಕ್ಕೆ ಚೆಂಡನ್ನು ತಳ್ಳಿದರು. ಹಿಂದಿನಿಂದ ಓಡಿಬಂದ ನಾಯಕ ಕಾರ್ಲೋಸ್ ಆಲ್ಬರ್ಟೊ ಅದನ್ನು ಗೋಲಿಗೆ ಹೊಡೆದರು. ಅವರು ರಕ್ಷಣಾ ಸಾಲಿನ ಆಟಗಾರ. ಅಂಥ ಬಿಸಿಲಿನಲ್ಲಿ, 86ನೆಯ ನಿಮಿಷದಲ್ಲಿ, ಅಷ್ಟು ದೂರ ಓಡಿಬರಲು ಎಷ್ಟು ತಿಂಗಳ ತಯಾರಿ ಬೇಕು, ನೀವೇ ಯೋಚಿಸಿ.

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯ ಕ್ರೀಡಾಕೂಟ ಚಿತ್ರೀಕರಿಸಲು ಹೋಗಿದ್ದೆ. ಓಟದ ಸ್ಪರ್ಧೆ ಬೆಳಗ್ಗೆಯೇ ಮುಗಿದಿತ್ತು. ನಮ್ಮ ವಾಹನ ತಲುಪಿದ್ದು ತಡವಾಗಿ. “ಇನ್ನೊಂದು ಸಲ ಓಡಿ ಮಕ್ಕಳೇ, ಬೆಳಕು ಚೆನ್ನಾಗಿದೆ” ಎಂದೆ. ಗಂಟೆ ಹನ್ನೆರಡೂವರೆ. ಮಕ್ಕಳು ಟಿವಿಯಲ್ಲಿ ಬರುವ ಆಸೆಗೆ ಓಡಿದರು. ಅರ್ಧ ದಾರಿಯಲ್ಲಿ ಒಬ್ಬ ಹುಡುಗ ತಲೆಸುತ್ತಿ ಕುಳಿತುಬಿಟ್ಟ. ನೀರು ಕುಡಿದು ಚೇತರಿಸಿಕೊಂಡ, ನಿಜ. ಪ್ರಸಾರವಾದ ಕಾರ್ಯಕ್ರಮದಲ್ಲಿ ಅವನು ಇರಲಿಲ್ಲ. ಆ ಭಾಗವನ್ನು ಕತ್ತರಿಸಿದವನು ನಾನೇ.

1970ರ ಟೇಪನ್ನು ಈಗ ನೋಡುವಾಗಲೂ ನನಗೆ ಸಂತೋಷವಾಗುತ್ತದೆ. ಅಂಥ ಆಟ ಮತ್ತೆ ಸಿಗುವುದು ಅಪರೂಪ. ಜೊತೆಗೆ ಆ ಹುಡುಗನೂ ನೆನಪಾಗುತ್ತಾನೆ. ಮುಂದಿನ ಸಲ ದೂರದ ದೇಶದ ಪಂದ್ಯವೊಂದನ್ನು ನೋಡುವಾಗ, ಅಲ್ಲಿ ಆಗ ಗಂಟೆ ಎಷ್ಟು, ಬಿಸಿಲು ಎಷ್ಟು, ಆ ಹೊತ್ತನ್ನು ಯಾರ ಅನುಕೂಲಕ್ಕೆ ಆರಿಸಿದ್ದಾರೆ ಎಂದು ಕೇಳಿಕೊಳ್ಳಿ. ಆಟಗಾರರ ನೆರಳನ್ನೊಮ್ಮೆ ಗಮನಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.