ಹೇಳುವ ಗುರು, ಕೇಳುವ ಗುರು

ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಆಪ್ತ ಸಲಹೆಗಾರ, ಮನೋವಿಜ್ಞಾನಿ ಅಥವಾ ಸಮಾಜ ಕಾರ್ಯಕರ್ತ ಒಬ್ಬರಾದರೂ ಇರಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಸೂಚಿಸಿತು. ವಿದ್ಯಾರ್ಥಿಗಳ ಆತ್ಮಹತ್ಯೆಯ ಹಿನ್ನೆಲೆಯಲ್ಲಿ ಬಂದ ಈ ಸೂಚನೆಯಲ್ಲಿ ‘ತರಬೇತಿ ಪಡೆದ’ ಎಂಬ ಎರಡು ಪದಗಳು ಗಮನಾರ್ಹ. ನೊಂದ ಹುಡುಗನೊಬ್ಬನ ಎದುರು ಕುಳಿತು ಅವನ ಮಾತನ್ನು ಕೇಳಿಸಿಕೊಳ್ಳುವುದಕ್ಕೆ ತರಬೇತಿ ಕೊಡುವುದು ಹೇಗೆ? ಅದು ಪಾಠ ಹೇಳಿ, ಪರೀಕ್ಷೆ ನಡೆಸಿ ಕಲಿಸಬಹುದಾದ ವಿದ್ಯೆಯೇ?

ಎಂಬತ್ತೈದು ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್. ಮಾನವತಾವಾದಿ ಮನೋವಿಜ್ಞಾನದ ಪ್ರಮುಖರಲ್ಲಿ ಒಬ್ಬರಾದ ಇವರು ಹುಟ್ಟಿದ್ದು 1902ರಲ್ಲಿ, ಷಿಕಾಗೋ ಬಳಿಯ ಓಕ್ ಪಾರ್ಕ್‌ನಲ್ಲಿ. ಕಟ್ಟುನಿಟ್ಟಿನ ಧಾರ್ಮಿಕ ಕುಟುಂಬ. ಮೊದಲು ಕೃಷಿ, ಆಮೇಲೆ ಇತಿಹಾಸ, ಬಳಿಕ ಧರ್ಮಶಾಸ್ತ್ರ ಓದಿ, ಕೊನೆಗೆ ಮನೋವಿಜ್ಞಾನಕ್ಕೆ ಬಂದರು. 1928ರಿಂದ ಹನ್ನೆರಡು ವರ್ಷ ರಾಚೆಸ್ಟರ್ ನಗರದಲ್ಲಿ ತೊಂದರೆಗೊಳಗಾದ ಮಕ್ಕಳ ನಡುವೆ ಕೆಲಸ ಮಾಡಿದರು.

ಅಲ್ಲಿನ ಒಂದು ಪ್ರಸಂಗವನ್ನು ಅವರು ಮುಂದೆ ಬರೆದಿದ್ದಾರೆ. ತುಂಟ ಮಗನ ತಾಯಿಯೊಬ್ಬರಿಗೆ, ನಿಮ್ಮ ನಿರಾಕರಣೆಯೇ ಹುಡುಗನ ವರ್ತನೆಗೆ ಕಾರಣ ಎಂದು ತಿಳಿಹೇಳಲು ಅವರು ಹಲವು ಭೇಟಿಗಳಲ್ಲಿ ಯತ್ನಿಸಿದರು. ಫಲ ಸಿಗಲಿಲ್ಲ. ಇನ್ನು ಸಾಕೆಂದು ಇಬ್ಬರೂ ಒಪ್ಪಿಕೊಂಡರು. ಬಾಗಿಲವರೆಗೆ ಹೋದ ತಾಯಿ ತಿರುಗಿ ನಿಂತು, ಇಲ್ಲಿ ದೊಡ್ಡವರಿಗೂ ಸಲಹೆ ಕೊಡುತ್ತೀರಾ ಎಂದು ವಿಚಾರಿಸಿದರು. ಮತ್ತೆ ಕುರ್ಚಿಗೆ ಬಂದು ತಮ್ಮ ದಾಂಪತ್ಯದ ನೋವನ್ನೆಲ್ಲ ತೋಡಿಕೊಂಡರು. ಎಲ್ಲಿ ನೋಯುತ್ತಿದೆ ಎಂಬುದು ನೊಂದವರಿಗೇ ಹೆಚ್ಚು ಗೊತ್ತು ಎಂಬ ತಿಳಿವಳಿಕೆ ರೋಜರ್ಸ್‌ಗೆ ಮೂಡಿದ್ದು ಇಂಥ ಅನುಭವಗಳಿಂದ. ತಮ್ಮಲ್ಲಿಗೆ ಬರುವವರನ್ನು ‘ರೋಗಿ’ ಎನ್ನದೆ, ವಕೀಲರಂತೆ ‘ಕಕ್ಷಿದಾರ’ ಎಂದು ಅವರು ಕರೆದದ್ದರ ಹಿಂದೆಯೂ ಈ ಗೌರವವಿತ್ತು.

ಗುಟ್ಟು ಬಿಟ್ಟುಕೊಟ್ಟ ತಟ್ಟೆಗಳು

1940ರಲ್ಲಿ ರೋಜರ್ಸ್ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆವರೆಗೆ ಸಲಹಾ ಕೊಠಡಿಯ ಒಳಗೆ ನಡೆದದ್ದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಸಲಹೆಗಾರ ನೆನಪಿನಿಂದ ಬರೆದುಕೊಂಡ ಟಿಪ್ಪಣಿಯೇ ದಾಖಲೆ. ಹೊಸಬರಿಗೆ ಅದೇ ಪಠ್ಯ. ನೆನಪು ಎಂದಿಗೂ ತನಗೆ ಅನುಕೂಲವಾದದ್ದನ್ನೇ ಉಳಿಸಿಕೊಳ್ಳುವಂಥದು.

ರೋಜರ್ಸ್ ಮತ್ತು ಅವರ ವಿದ್ಯಾರ್ಥಿ ಬರ್ನಾರ್ಡ್ ಕೋವ್ನರ್ ಇದಕ್ಕೆ ಪರಿಹಾರ ಹುಡುಕಿದರು. ಆಗಿನ್ನೂ ಟೇಪ್ ರೆಕಾರ್ಡರ್ ಬಳಕೆಗೆ ಬಂದಿರಲಿಲ್ಲ. ಗ್ರಾಮಫೋನ್ ತಟ್ಟೆಗಳ ಮೇಲೆಯೇ ಮಾತುಕತೆಯನ್ನು ಮುದ್ರಿಸಿಕೊಳ್ಳಬೇಕು. ಒಂದು ಮಗ್ಗುಲು ಸುಮಾರು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು. ಮಾತು ತಪ್ಪಿಹೋಗದಂತೆ ಎರಡು ಯಂತ್ರಗಳನ್ನು ಸರದಿಯಂತೆ ಓಡಿಸಬೇಕಿತ್ತು. ಈ ಶ್ರಮದ ಫಲ 1942ರಲ್ಲಿ ಹೊರಬಂದ ರೋಜರ್ಸ್ ಅವರ ‘ಕೌನ್ಸೆಲಿಂಗ್ ಅಂಡ್ ಸೈಕೋಥೆರಪಿ’ ಗ್ರಂಥ. ಹರ್ಬರ್ಟ್ ಬ್ರಯನ್ ಎಂಬ ಕಲ್ಪಿತ ಹೆಸರಿನ ವ್ಯಕ್ತಿಯೊಂದಿಗೆ ನಡೆದ ಎಂಟು ಭೇಟಿಗಳ ಸಂಭಾಷಣೆ ಅದರಲ್ಲಿ ಮಾತಿಗೆ ಮಾತು ಅಚ್ಚಾಗಿತ್ತು. ಚಿಕಿತ್ಸೆಯೊಂದರ ಪೂರ್ತಿ ಮಾತುಕತೆ ಹೀಗೆ ಪ್ರಕಟವಾದದ್ದು ಅದೇ ಮೊದಲು.

ತಟ್ಟೆಗಳು ಹೊರಗೆಡಹಿದ ಸತ್ಯ ಅನೇಕರಿಗೆ ಇರಿಸುಮುರಿಸು ತಂದಿರಬೇಕು. ಮತ್ತೊಬ್ಬ ವಿದ್ಯಾರ್ಥಿ ಇಲಾಯಸ್ ಪೋರ್ಟರ್ ಸಲಹೆಗಾರರ ಮಾತುಗಳನ್ನು ಎಣಿಸಿ ನೋಡಿದರು. ದಾರಿ ತೋರಿಸುವ, ಬುದ್ಧಿ ಹೇಳುವ ಬಗೆಯ ಸಲಹೆಗಾರರು ಕೇಳಿಸಿಕೊಳ್ಳುವ ಬಗೆಯವರಿಗಿಂತ ಸುಮಾರು ಆರು ಪಟ್ಟು ಹೆಚ್ಚು ಮಾತಾಡುತ್ತಿದ್ದರು!

ಕನ್ನಡದಲ್ಲಿ ‘ಕೇಳು’ ಎಂಬ ಪದಕ್ಕೆ ಪ್ರಶ್ನಿಸು ಎಂಬ ಅರ್ಥವೂ ಉಂಟು, ಆಲಿಸು ಎಂಬ ಅರ್ಥವೂ ಉಂಟು. ಮೊದಲನೆಯದನ್ನೇ ತಮ್ಮ ಕಸುಬೆಂದು ತಿಳಿದಿದ್ದವರಿಗೆ ಎರಡನೆಯದರ ಅಗತ್ಯವನ್ನು ಈ ತಟ್ಟೆಗಳು ಮನಗಾಣಿಸಿದವು. ತರಬೇತಿಯ ಸ್ವರೂಪವೇ ಬದಲಾಯಿತು. ಕಲಿಯುವವರು ತಮ್ಮದೇ ಧ್ವನಿಯನ್ನು ಕೇಳಿ, ಎಲ್ಲಿ ಅವಸರಪಟ್ಟೆವು, ಎಲ್ಲಿ ಅಡ್ಡ ಬಾಯಿ ಹಾಕಿದೆವು ಎಂದು ತಾವೇ ಗುರುತಿಸಿಕೊಳ್ಳತೊಡಗಿದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಮರಳಿ ಬಂದ ಸೈನಿಕರಿಗೆ ನೆರವಾಗಲು 1946–47ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ರೋಜರ್ಸ್ ತಂಡ ನೂರಕ್ಕೂ ಹೆಚ್ಚು ಸಲಹೆಗಾರರಿಗೆ ಆರು ವಾರಗಳ ತೀವ್ರ ತರಬೇತಿ ನೀಡಿತು.

ತರಗತಿಗೆ ಬಂದ ವಿಚಾರ

ಸಲಹಾ ಕೊಠಡಿಗೆ ಸಲ್ಲುವ ಮಾತು ಶಾಲೆಗೇಕೆ ಸಲ್ಲಬಾರದು? 1951ರ ಗ್ರಂಥದಲ್ಲಿ ವಿದ್ಯಾರ್ಥಿ ಕೇಂದ್ರಿತ ಬೋಧನೆಗೆಂದೇ ಅವರು ಒಂದು ಅಧ್ಯಾಯ ಮೀಸಲಿಟ್ಟರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮ್ಮೇಳನದಲ್ಲಿ ಒಂದು ಚಿಕ್ಕ ಬರಹ ಓದಿದರು. ಇನ್ನೊಬ್ಬರಿಗೆ ಕಲಿಸಬಹುದಾದದ್ದು ಅಷ್ಟೇನೂ ಮುಖ್ಯವಲ್ಲ, ಮನುಷ್ಯನ ನಡತೆಯನ್ನು ಬದಲಿಸುವುದು ಅವನು ತಾನೇ ಕಂಡುಕೊಂಡ ಅರಿವು ಮಾತ್ರ ಎಂಬುದು ಅದರ ಸಾರ. ಹಾಗಿದ್ದರೆ ಪರೀಕ್ಷೆ, ಅಂಕ, ಪದವಿಗಳೂ ಬೇಡವಾಗುತ್ತವೆ ಎಂದರು. ನೆರೆದಿದ್ದ ಶಿಕ್ಷಕರು ಕೆರಳಿದರು. ಆದರೂ ವಿಚಾರ ಬೆಳೆಯಿತು. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದಾಗ ಬೆಚ್ಚಿದ ಅಮೆರಿಕ, ಪ್ರತಿಭಾವಂತ ಮಕ್ಕಳನ್ನು ಗುರುತಿಸಲೆಂದು 1958ರ ಕಾನೂನಿನ ಮೂಲಕ ಶಾಲಾ ಸಲಹೆಗಾರರ ತರಬೇತಿಗೆ ಹಣ ಹರಿಸಿತು. ಸ್ಪರ್ಧೆಗಾಗಿ ಬಂದ ಈ ಹಣದಿಂದ ಬೆಳೆದ ತರಬೇತಿ ಕೇಂದ್ರಗಳಲ್ಲಿ ರೋಜರ್ಸ್ ಅವರ ವಿಚಾರಗಳೂ ಹರಡಿದ್ದು ಇತಿಹಾಸದ ವಿನೋದ.

ಇದು ಬರೀ ಆದರ್ಶದ ಮಾತಲ್ಲ ಎಂದು ತೋರಿಸಿದವರು ಡೇವಿಡ್ ಆಸ್ಪಿ ಮತ್ತು ಫ್ಲೋರಾ ರೋಬಕ್. ಇಲ್ಲಿಯೂ ನೆರವಿಗೆ ಬಂದದ್ದು ಧ್ವನಿಮುದ್ರಣವೇ. ಸುಮಾರು 550 ಶಿಕ್ಷಕರ 3,700 ಗಂಟೆಗಳಷ್ಟು ಪಾಠವನ್ನು ಮುದ್ರಿಸಿ ಅವರು ಪರಿಶೀಲಿಸಿದರು. ಮಕ್ಕಳ ಮನಸ್ಸನ್ನು ಅರಿಯುವ, ಅವರನ್ನು ಆದರಿಸುವ, ಮುಖವಾಡವಿಲ್ಲದ ಶಿಕ್ಷಕರ ತರಗತಿಗಳಲ್ಲಿ ಗೈರುಹಾಜರಿ ಕಡಿಮೆ, ಕಲಿಕೆ ಹೆಚ್ಚು, ಶಿಸ್ತಿನ ತಂಟೆಗಳೂ ಕಡಿಮೆ ಎಂಬುದು ಅವರ ನಿಷ್ಕರ್ಷೆ.

ಎಡವಿದ ಹೆಜ್ಜೆಗಳು

ಎಲ್ಲವೂ ಸುಗಮವಾಗಿರಲಿಲ್ಲ. 1967ರಲ್ಲಿ ರೋಜರ್ಸ್ ತಂಡ ಲಾಸ್ ಏಂಜಲೀಸ್‌ನ ಕ್ರೈಸ್ತ ಸನ್ಯಾಸಿನಿಯರ ‘ಇಮ್ಯಾಕ್ಯುಲೇಟ್ ಹಾರ್ಟ್’ ಶಾಲಾ ಸಮೂಹದಲ್ಲಿ ಮನಬಿಚ್ಚಿ ಮಾತಾಡುವ ಗುಂಪುಗಳನ್ನು ಆರಂಭಿಸಿತು. ಚರ್ಚಿನ ಮೇಲಧಿಕಾರಿಯೊಂದಿಗೆ ತಿಕ್ಕಾಟ ನಡೆದು, 1970ರಲ್ಲಿ ಬಹುಪಾಲು ಸನ್ಯಾಸಿನಿಯರು ಸಂಘದಿಂದಲೇ ಹೊರಬಂದರು. ಆ ಪ್ರಯೋಗವೇ ಇದಕ್ಕೆ ಕಾರಣವೆಂದು ತಂಡದ ಸದಸ್ಯ ವಿಲಿಯಂ ಕೋಲ್ಸನ್ ಮುಂದೆ ದೂರಿದರು. ಸುಧಾರಣೆಯ ಗಾಳಿ ಅದಕ್ಕೂ ಮೊದಲೇ ಬೀಸಿತ್ತು ಎನ್ನುವವರೂ ಇದ್ದಾರೆ.

ಇನ್ನೊಂದು ಅಪಾಯ ತರಬೇತಿಯ ಒಳಗೇ ಇತ್ತು. ಎದುರಿನವರು ಆಡಿದ್ದನ್ನೇ ಗಿಣಿಯಂತೆ ತಿರುಗಿ ಹೇಳಿದರೆ ಅದೇ ರೋಜರ್ಸ್ ವಿಧಾನ ಎಂದು ಹಲವರು ಭಾವಿಸಿದರು. ಈ ಅಣಕಕ್ಕೆ ಬೇಸತ್ತು, ಎಷ್ಟೋ ಕಾಲ ಆ ಬಗ್ಗೆ ಮಾತಾಡುವುದನ್ನೇ ಕಡಿಮೆ ಮಾಡಿದ್ದಾಗಿ ಅವರು 1975ರಲ್ಲಿ ಬರೆದರು. ಅವರ ವಿದ್ಯಾರ್ಥಿಯಾಗಿದ್ದ ಆರ್ಥರ್ ಕೂಂಬ್ಸ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ನಡೆಸಿದ ಅಧ್ಯಯನಗಳೂ ಇದನ್ನೇ ಸೂಚಿಸಿದವು: ಒಳ್ಳೆಯ ಶಿಕ್ಷಕ ಅಥವಾ ಸಲಹೆಗಾರನನ್ನು ಬೇರೆಯಾಗಿಸುವುದು ತಂತ್ರವಲ್ಲ, ಎದುರಿಗಿರುವವನು ಸಮರ್ಥ ಎಂಬ ನಂಬಿಕೆ.

ಭಾರತಕ್ಕೆ ಈ ವಿಚಾರ ಪ್ರಶ್ನೆಯೊಂದಿಗೇ ಬಂತು. ಸಲಹೆ ಕೇಳಲು ಬಂದವರು ಇಲ್ಲಿ ಸಲಹೆಯನ್ನೇ ಬಯಸುತ್ತಾರಲ್ಲವೇ? ಭಾರತೀಯರಿಗೆ ಗುರು–ಶಿಷ್ಯ ಸಂಬಂಧವೇ ಚಿಕಿತ್ಸೆಗೆ ಮಾದರಿಯಾಗಬಹುದೆಂದು ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ವಾದಿಸಿದರು. ಹಿರಿಯರ ಮಾತಿಗೆ ಬೆಲೆ ಕೊಡುವ ಸಮಾಜದಲ್ಲಿ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಮನೆಯಲ್ಲಿ, ಶಾಲೆಯಲ್ಲಿ ಬುದ್ಧಿವಾದ ಹೇಳುವವರಿಗೆ ನಮ್ಮ ಮಕ್ಕಳಿಗೆಂದೂ ಕೊರತೆಯಾಗಿಲ್ಲ ಎಂಬುದೂ ಅಷ್ಟೇ ನಿಜ.

ರೋಜರ್ಸ್ 1987ರಲ್ಲಿ ನಿಧನರಾದರು. ಮೂರು ನಿಮಿಷದ ತಟ್ಟೆಗಳು ಮೂಲೆ ಸೇರಿ, ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಧ್ವನಿಮುದ್ರಣ ಯಂತ್ರವಿದೆ. ಶಾಲೆಗಳಲ್ಲಿ ಸಲಹೆಗಾರರ ಹುದ್ದೆ ತುಂಬಲು ಆದೇಶ ಸಾಕಾದೀತು. ಆ ಕುರ್ಚಿಯಲ್ಲಿ ಕೂರುವವರಿಗೆ ಬರೀ ಟಿಪ್ಪಣಿ ಬರೆಸಿ, ಪರೀಕ್ಷೆ ಮುಗಿಸಿ ಕಳುಹಿಸುತ್ತೇವೆಯೋ, ತಮ್ಮ ಮಾತನ್ನು ತಾವೇ ಕೇಳಿ ತಿದ್ದಿಕೊಳ್ಳುವ ಅಭ್ಯಾಸ ಮಾಡಿಸುತ್ತೇವೆಯೋ ಎಂಬುದರ ಮೇಲೆ ಅದರ ಫಲ ನಿಂತಿದೆ.