ಬಿಳಿ ಅನ್ನದ ಗತ್ತು

1905ರಲ್ಲಿ ಜಪಾನ್ ರಷ್ಯಾವನ್ನು ಸೋಲಿಸಿದಾಗ ಭಾರತದ ವಿದ್ಯಾವಂತರೂ ಹಿಗ್ಗಿದರು. ಏಷ್ಯದವರೂ ಯೂರೋಪಿನವರನ್ನು ಮಣಿಸಬಹುದೆಂಬ ಧೈರ್ಯ ಅನೇಕರಿಗೆ ಬಂದದ್ದು ಆಗ. ಆ ವಿಜಯದ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಲೆಕ್ಕವೊಂದಿದೆ. ವೈದ್ಯನಾದ ನನಗೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಕಾಳಗದಲ್ಲಿ ಸತ್ತ ಜಪಾನಿ ಸೈನಿಕರು ಸುಮಾರು 47,000. ಬೆರಿಬೆರಿ ರೋಗದಿಂದ ಸತ್ತವರು ಸುಮಾರು 27,000!

ಕಾಲು ಜೋಮು ಹಿಡಿದು, ಮೈ ಊದಿ, ಕೊನೆಗೆ ಹೃದಯವೇ ಸೋಲುವ ಕಾಯಿಲೆ ಇದು. ಅಕ್ಕಿಯ ತೌಡಿನೊಂದಿಗೆ ಬಿ1 ಜೀವಸತ್ವವೂ ಹೋಗಿಬಿಡುವುದೇ ಕಾರಣವೆಂದು ಇಂದು ನಮಗೆ ಗೊತ್ತು. 1880ರ ದಶಕದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಔಷಧ ಸಿಕ್ಕಿತ್ತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಓದಿ ಬಂದ ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ನಾವಿಕರ ಊಟವನ್ನೇ ಶಂಕಿಸಿದರು. 1882–83ರಲ್ಲಿ ದೂರಯಾನ ಹೋದ 'ರ್‍ಯೂಜೊ' ಹಡಗಿನಲ್ಲಿ 169 ಜನರಿಗೆ ರೋಗ ತಗುಲಿ 25 ಮಂದಿ ಸತ್ತಿದ್ದರು. 1884ರಲ್ಲಿ ಅದೇ ದಾರಿಯಲ್ಲಿ 'ತ್ಸುಕುಬಾ' ಹಡಗನ್ನು ಮಾಂಸ, ಹಾಲು, ಬ್ರೆಡ್ಡು ತುಂಬಿ ಕಳಿಸಿದರು. ಬೆರಿಬೆರಿಯಿಂದ ಒಬ್ಬರೂ ಸಾಯಲಿಲ್ಲ. ಮುಂದೆ ಅನ್ನಕ್ಕೆ ಬಾರ್ಲಿ ಬೆರೆಸಿದರು. ನೌಕಾಪಡೆಯಲ್ಲಿ ರೋಗ ಹೆಚ್ಚುಕಡಿಮೆ ಮಾಯವಾಯಿತು. ಪ್ರೋಟೀನ್ ಕೊರತೆಯೇ ಕಾರಣವೆಂಬ ತಕಾಕಿಯವರ ವಿವರಣೆ ಮಾತ್ರ ತಪ್ಪಾಗಿತ್ತು.

ಭೂಸೇನೆಯ ವೈದ್ಯರು ಹಿಡಿದದ್ದು ಆ ತಪ್ಪನ್ನೇ. ಅವರಲ್ಲಿ ಪ್ರಮುಖರು ಜರ್ಮನಿಯಲ್ಲಿ ಕಲಿತವರು, ರೋಗವೆಂದರೆ ಕ್ರಿಮಿ ಎಂದು ನಂಬಿದವರು. ಮುಂದೆ ದೊಡ್ಡ ಸಾಹಿತಿಯೆನಿಸಿದ ಮೋರಿ ಓಗಾಯ್ ಅವರಲ್ಲೊಬ್ಬರು. ಯೂರೋಪಿನ ಅತ್ಯಾಧುನಿಕ ವಿಜ್ಞಾನ ನಮ್ಮ ಕೈಯಲ್ಲಿರುವಾಗ ಅಡಿಗೆಮನೆಯ ಲೆಕ್ಕವೇಕೆ ಎಂಬ ಧೋರಣೆ. (ಹೊರದೇಶದಲ್ಲಿ ಓದಿದ ನಮ್ಮಂಥ ಡಾಕ್ಟರುಗಳಿಗೆ ಈ ಕಾಯಿಲೆ ಹೊಸದಲ್ಲ.)

ಇನ್ನೊಂದು ಕಾರಣ ಅನ್ನವೇ. ಬಾರ್ಲಿ, ನವಣೆ, ಊದಲು ತಿಂದು ಬೆಳೆದ ಬಡ ರೈತನ ಮಗನಿಗೆ ಸೈನ್ಯದಲ್ಲಿ ದಿನಕ್ಕೆ ಸುಮಾರು 900 ಗ್ರಾಂ ಬಿಳಿ ಅಕ್ಕಿ ಸಿಗುತ್ತಿತ್ತು. ದೇಶ ಮೇಲೇರಿದೆ ಎನ್ನುವುದಕ್ಕೆ ಅವನ ಬಟ್ಟಲೇ ಸಾಕ್ಷಿ. ಸಾಯಲು ಹೊರಟವನಿಗೆ ಜೈಲಿನವರ ಬಾರ್ಲಿ ಹಾಕುವುದೇ? ನಮ್ಮ ಹಳೇ ಮೈಸೂರು ಸೀಮೆಯಲ್ಲಿ ನೆಂಟರು ಬಂದ ದಿನ ಮುದ್ದೆ ಮರೆಯಾಗಿ ಅನ್ನ ಬರುತ್ತಿದ್ದುದನ್ನು ಕಂಡವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

1894–95ರ ಚೀನಾ ಯುದ್ಧದಲ್ಲೇ ಗುಂಡಿಗಿಂತ ಬೆರಿಬೆರಿಗೆ ಹೆಚ್ಚು ಸೈನಿಕರು ಬಲಿಯಾಗಿದ್ದರು. ಗೆದ್ದಿದ್ದರಿಂದ ಯಾರೂ ಕೇಳಲಿಲ್ಲ. ಹತ್ತು ವರ್ಷದ ನಂತರ ಅದೇ ಅಕ್ಕಿ ಮಂಚೂರಿಯಾಕ್ಕೆ ಹೋಯಿತು. ಯುದ್ಧ ಮುಗಿಯುತ್ತ ಬಂದ 1905ರಲ್ಲಿ ಸೇನೆಯೂ ಬಾರ್ಲಿ ಬೆರೆಸಲು ಒಪ್ಪಿತು. ಅದೇ ವರ್ಷ ತಕಾಕಿಯವರಿಗೆ ಬ್ಯಾರನ್ ಪದವಿ ಬಂತು. ಜನ ಅವರನ್ನು 'ಬಾರ್ಲಿ ಬ್ಯಾರನ್' ಎಂದು ಕರೆದರು. 1908ರಲ್ಲಿ ಬೆರಿಬೆರಿಯ ಕಾರಣ ಹುಡುಕಲು ಸೇನೆ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ಮೋರಿ ಓಗಾಯ್.