ಶಾಸ್ತ್ರದಾನ ಮತ್ತು ನಮ್ಮ ಹಳೆಯ ಪತ್ರಿಕೆಗಳು

ಜ್ಯೇಷ್ಠ ಶುಕ್ಲ ಪಂಚಮಿಯನ್ನು ನಾವು ಶ್ರುತಪಂಚಮಿ ಎಂದು ಆಚರಿಸುತ್ತೇವೆ. ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಅಕ್ಷರರೂಪಕ್ಕೆ ತಂದ ಕಾರ್ಯವು ಪೂರ್ಣಗೊಂಡ ದಿನವೆಂದು ಪರಂಪರೆಯು ಇದನ್ನು ಸ್ಮರಿಸುತ್ತದೆ. ಅಂದು ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಗಾಳಿಯಾಡಿಸಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವುದುಂಟು. ವಿಜಯಪುರದ ನಮ್ಮ ಮನೆಯಲ್ಲಿ ನನ್ನ ತಂದೆಯವರು ಈ ರೂಢಿಗೆ ತಮ್ಮದೊಂದು ಸೇರ್ಪಡೆಯನ್ನು ಮಾಡಿದ್ದರು. ಶಾಸ್ತ್ರಗಳ ಜೊತೆಗೆ ಅಟ್ಟದ ಮೇಲಿದ್ದ ಧಾರ್ಮಿಕ ಪತ್ರಿಕೆಗಳ ಕಟ್ಟುಗಳನ್ನೂ ಅವರು ಕೆಳಗಿಳಿಸಿ ಪಡಸಾಲೆಯಲ್ಲಿ ಹರವುತ್ತಿದ್ದರು. ಪತ್ರಿಕೆಗೆ ಶಾಸ್ತ್ರದ ಮನ್ನಣೆ ಸಲ್ಲದೆಂದು ಹಿರಿಯರೊಬ್ಬರು ಆಕ್ಷೇಪಿಸಿದಾಗ, ಪೂಜೆಗಲ್ಲ, ಬರೀ ಗಾಳಿಗೆ ಎಂದು ಉತ್ತರ ಕೊಟ್ಟಿದ್ದರು.

ನಾನು ಹೇಳುತ್ತಿರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಹಿರಿಯರ ಬಾಯಲ್ಲಿ ಅದು ವಡಿಗೇನಹಳ್ಳಿ. 2014ರಲ್ಲಿ ಬಿಜಾಪುರಕ್ಕೆ ವಿಜಯಪುರವೆಂದು ಮರುನಾಮಕರಣವಾದ ಮೇಲೆ, ತಾಲ್ಲೂಕಿನ ಹೆಸರು ಮತ್ತು ಪಿನ್ ಕೋಡ್ ಬರೆಯಲು ಮರೆತವರ ಪತ್ರಗಳು ಐದುನೂರು ಕಿಲೋಮೀಟರಿಗೂ ಹೆಚ್ಚು ದೂರ ಸುತ್ತಿ ಬಂದದ್ದುಂಟು. ನಮ್ಮದು ರೇಷ್ಮೆಯ ಊರು. ಗೂಡಿನ ಮಾರುಕಟ್ಟೆ, ನೂಲು ಬಿಚ್ಚಾಣಿಕೆಯ ಮನೆಗಳು, ಬೇಯುವ ಗೂಡಿನ ವಾಸನೆ ಇವು ಅಲ್ಲಿ ಬೆಳೆದ ಯಾರಿಗೂ ಮರೆಯುವಂಥವಲ್ಲ. ಊರಿನಲ್ಲಿ ರೇಷ್ಮೆಯ ತ್ಯಾಜ್ಯ ನೂಲು ಕೇಳಿದವರಿಗೆ ಕೇಳಿದಷ್ಟು ಸಿಗುತ್ತಿತ್ತು. ಆದರೂ ತಂದೆಯವರು ಪತ್ರಿಕೆಗಳ ಕಟ್ಟನ್ನು ಹತ್ತಿಯ ಹುರಿಯಿಂದಲೇ ಕಟ್ಟುತ್ತಿದ್ದರು.

ಅದಕ್ಕೆ ಕಾರಣವಿತ್ತು. 1978ರ ಸುಮಾರಿಗೆ ಸಮಾಜದ ಒಂದು ತ್ರೈಮಾಸಿಕದಲ್ಲಿ, ಪೂಜೆಯ ವೇಳೆ ರೇಷ್ಮೆಯ ಮಡಿವಸ್ತ್ರವನ್ನು ಉಡುವುದು ಅಹಿಂಸಾವ್ರತಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯನ್ನು ಓದುಗರೊಬ್ಬರು ಎತ್ತಿದರು. ಎಳೆ ತುಂಡಾಗದೆ ಬರಬೇಕಾದರೆ ಪತಂಗವು ಗೂಡನ್ನು ಸೀಳಿ ಹೊರಬರುವ ಮೊದಲೇ ಕೋಶವನ್ನು ಬಿಸಿಗೆ ಒಡ್ಡಿ ಕೊಲ್ಲಬೇಕು. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಇದು ಯಾರಿಗೂ ತಿಳಿಯದ ಸಂಗತಿಯಲ್ಲ. ಆದರೆ ಹೇಳಬಾರದ ಸಂಗತಿಯೆಂಬಂತೆ ಎಲ್ಲರೂ ಮೌನವಾಗಿದ್ದರು. ಚರ್ಚೆಯು ಮೂರು ಸಂಚಿಕೆಗಳ ಕಾಲ ನಡೆಯಿತು. ಎರಡನೆಯ ಸಂಚಿಕೆಯಲ್ಲಿ ತಂದೆಯವರ ಪತ್ರವಿತ್ತು. ರೇಷ್ಮೆಯ ಊರಿನಲ್ಲಿ, ರೇಷ್ಮೆಯನ್ನೇ ನಂಬಿ ಬದುಕುವ ನೆರೆಹೊರೆಯವರ ನಡುವೆ ವಾಸಿಸುವ ಶ್ರಾವಕನು ಈ ಪ್ರಶ್ನೆಗೆ ಹೇಗೆ ಉತ್ತರಿಸಬೇಕೆಂದು ಅವರು ಬರೆದಿದ್ದರು. ಏನು ಬರೆದಿದ್ದರೆಂಬುದು ನನಗೆ ನೆನಪಿಲ್ಲ. ಆಗ ನಾನು ಬಾಲಕ. ಅವರ ಹೆಸರು ಅಚ್ಚಾಗಿದ್ದುದನ್ನು ನೋಡಿ ಹಿಗ್ಗಿದ್ದಷ್ಟೇ ನೆನಪು.

1998ರಲ್ಲಿ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ತಂದೆಯವರು ಕಾಲವಾಗಿ ಎರಡು ವರ್ಷಗಳಾಗಿದ್ದವು, ಆ ಕಟ್ಟುಗಳನ್ನೆಲ್ಲ ನಾನೇ ರದ್ದಿಗೆ ತೂಗಿಸಿ ಕೊಟ್ಟೆ. ಜಾಗ ಇಲ್ಲವೆಂಬುದು ನೆಪ. ಗೆದ್ದಲು ಹಿಡಿಯುತ್ತದೆಂಬುದು ಇನ್ನೊಂದು ನೆಪ. ಪ್ರಮಾದವೆಂಬ ಶಬ್ದಕ್ಕೆ ನಮ್ಮ ಶಾಸ್ತ್ರಗಳಲ್ಲಿ ಎಂತಹ ತೂಕವಿದೆಯೆಂಬುದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೆ. ತಕ್ಕಡಿಯ ಮುಂದೆ ನಿಂತಾಗ ಅದು ನೆನಪಾಗಲಿಲ್ಲ.

ಇದನ್ನು ಕೇವಲ ಹಳೆಯದರ ಹಂಬಲವೆಂದು ತಳ್ಳಿಹಾಕುವವರಿದ್ದಾರೆ. ಮನೆಮಕ್ಕಳೇ ಹಾಗೆ ಹೇಳುತ್ತಾರೆ. ಈಗ ಎಲ್ಲವೂ ಮೊಬೈಲಿನಲ್ಲಿದೆಯಲ್ಲ ಎಂಬುದು ಅವರ ವಾದ. ಆ ವಾದವನ್ನು ಪರೀಕ್ಷಿಸಲು, ನಮ್ಮ ಸಮಾಜವು ಬರೆದಿಡುವ ಸಾಧನಗಳನ್ನು ಹಿಂದೆ ಹೇಗೆ ಬದಲಾಯಿಸಿತು ಎಂಬ ಇತಿಹಾಸವನ್ನು ಸ್ವಲ್ಪ ನೋಡುವುದು ಒಳ್ಳೆಯದು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೆಂದರೆ ಮುಖ್ಯವಾಗಿ ಪ್ರತಿ ಮಾಡಿಸುವುದು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬಸದಿಯನ್ನು ನೋಡಿ ತಲೆದೂಗುವ ನಾವು ಈ ಸಾವಿರ ಪ್ರತಿಗಳ ಅರ್ಥವನ್ನು ಅಷ್ಟಾಗಿ ಯೋಚಿಸುವುದಿಲ್ಲ. ಒಂದೊಂದು ಗರಿಯನ್ನೂ ಕಂಟದಿಂದ ಕೊರೆದು ಬರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ, ಒಂದು ಊರಿನಲ್ಲಿ ಬೆಂಕಿ ಬಿದ್ದರೂ ಇನ್ನೊಂದು ಊರಿನಲ್ಲಿ ಗ್ರಂಥವು ಉಳಿಯಲಿ ಎಂಬ ಏರ್ಪಾಡು. ಒಂದೇ ಪ್ರತಿಯಿದ್ದರೆ ಏನಾಗುತ್ತದೆ ಎಂಬುದಕ್ಕೆ ಮೂಡಬಿದಿರೆಯ ಕಥೆಯೇ ಸಾಕ್ಷಿ.

ವೀರಸೇನಾಚಾರ್ಯರು 9ನೆಯ ಶತಮಾನದ ಆರಂಭದಲ್ಲಿ ಷಟ್ಖಂಡಾಗಮಕ್ಕೆ ಬರೆದ ಧವಲಾ ಟೀಕೆಯು ಹಳಗನ್ನಡ ಲಿಪಿಯ ತಾಡವೋಲೆಗಳಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂತು. ಶತಮಾನಗಳ ಕಾಲ ಅದು ದರ್ಶನಕ್ಕೆ ಇತ್ತೇ ಹೊರತು ಓದಿಗೆ ಇರಲಿಲ್ಲ. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದು ಓಲೆಗಳ ಜೀರ್ಣಸ್ಥಿತಿಯನ್ನು ಕಂಡರು. ಅವರಿಂದ ವಿಷಯ ತಿಳಿದ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಮರುವರ್ಷ ತಾವೂ ಬಂದರು. ಈ ಹೀರಾಚಂದರೇ ಅದೇ ದಶಕದಲ್ಲಿ ‘ಜೈನ ಬೋಧಕ’ವೆಂಬ ಮರಾಠಿ ಪತ್ರಿಕೆಯನ್ನು ಆರಂಭಿಸಿದವರು. ಓಲೆ ಶಿಥಿಲವಾಗುತ್ತಿದೆ ಎಂದು ಕಳವಳಪಟ್ಟವರೂ, ಸಮಾಜಕ್ಕೆ ಒಂದು ಪತ್ರಿಕೆ ಬೇಕೆಂದು ಹೊರಟವರೂ ಒಬ್ಬರೇ ಆಗಿದ್ದುದು ಆಕಸ್ಮಿಕವಲ್ಲವೆಂದು ನನ್ನ ಭಾವನೆ.

19ನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಶಾಸ್ತ್ರಿಗಳೂ ಪ್ರತಿಲಿಪಿಯ ಕೆಲಸಕ್ಕೆ ಕುಳಿತರು. ಪ್ರತಿಯನ್ನು ಹೊರಗೆ ಒಯ್ಯಬಾರದೆಂಬುದು ಅಲ್ಲಿನ ಕಟ್ಟಳೆ. ಗಜಪತಿ ಶಾಸ್ತ್ರಿಗಳು ತಮ್ಮ ಮನೆಯಲ್ಲಿ, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಗುಟ್ಟಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ದೂರದ ಸಹಾರನಪುರವನ್ನು ಸೇರಿ, ಅಲ್ಲಿಂದ ಪ್ರತಿಯ ಪ್ರತಿಗಳಾಗಿ ಹರಡಿತು. ಡಾ. ಹೀರಾಲಾಲ ಜೈನರು 1939ರಿಂದ 1958ರವರೆಗೆ 16 ಸಂಪುಟಗಳಲ್ಲಿ ಧವಲಾವನ್ನು ಮುದ್ರಿಸಿ ಲೋಕಕ್ಕೆ ಕೊಟ್ಟದ್ದು ಇಂಥ ಪ್ರತಿಗಳ ಆಧಾರದ ಮೇಲೆ. ಮುಂದೆ ಮೂಡಬಿದಿರೆಯವರೇ ಮೂಲ ಓಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಒಪ್ಪಿದರು. ಗಜಪತಿ ಶಾಸ್ತ್ರಿಗಳ ಕೃತ್ಯವು ಅಚೌರ್ಯವ್ರತಕ್ಕೆ ಭಂಗವೇ, ಶಾಸ್ತ್ರದಾನವೇ? ವಿಶ್ವಾಸವನ್ನು ಮುರಿದುದು ನಿಜ. ಗ್ರಂಥವು ಬೆಳಕಿಗೆ ಬಂದುದೂ ನಿಜ. ನನಗೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಇಂದಿಗೂ ಆಗಿಲ್ಲ. ಲಕ್ಷ್ಮೀಬಾಯಿಯವರ ಹೆಸರನ್ನು ಮಾತ್ರ ನಮ್ಮ ಶ್ರುತಪಂಚಮಿಯ ಭಾಷಣಗಳಲ್ಲಿ ನಾನು ಕೇಳಿದ್ದು ಕಡಿಮೆ.

ಅಚ್ಚಿನ ಯಂತ್ರವು ಬಂದಾಗಲೂ ನಮ್ಮವರು ಅದನ್ನು ಒಮ್ಮೆಗೇ ಸ್ವಾಗತಿಸಲಿಲ್ಲ. ಶಾಸ್ತ್ರವನ್ನು ಮುದ್ರಿಸಿದರೆ ಅವಿನಯವಾಗುತ್ತದೆ, ಅದು ಎಲ್ಲೆಂದರಲ್ಲಿ ಬಿದ್ದಿರುತ್ತದೆ ಎಂದು ಆ ಕಾಲದಲ್ಲಿ ಪ್ರಬಲ ವಿರೋಧವಿತ್ತು. ಇಂದು ನಾವು ಅದನ್ನು ಕೇಳಿ ನಗುತ್ತೇವೆ. ಆದರೆ ಅಂದಿನ ಮುದ್ರಣಯಂತ್ರಗಳಲ್ಲಿ ಮಸಿ ಹಚ್ಚುವ ಉರುಳೆಗಳನ್ನು, ಪ್ರಾಣಿಗಳ ಚರ್ಮ ಎಲುಬುಗಳಿಂದ ತೆಗೆದ ಅಂಟಿಗೆ ಕಾಕಂಬಿಯನ್ನು ಬೆರೆಸಿ ಎರಕ ಹೊಯ್ಯುತ್ತಿದ್ದರೆಂಬುದನ್ನು ಬಲ್ಲವರು ಹಾಗೆ ನಗಲಾರರು. ರೇಷ್ಮೆಯ ಪ್ರಶ್ನೆಗೂ ಇದಕ್ಕೂ ನೆಂಟಸ್ತಿಕೆಯಿದೆ.

ಕಡೆಗೆ ಮುದ್ರಣದ ಪಕ್ಷವೇ ಗೆದ್ದಿತು; ಆ ಗೆಲುವಿನಲ್ಲಿ ನಿಯತಕಾಲಿಕಗಳ ಪಾಲು ದೊಡ್ಡದು. ಮೈಸೂರು ಸೀಮೆಯಲ್ಲಿ 1892ರಲ್ಲಿ ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ‘ಕಾವ್ಯಮಂಜರಿ’ಯನ್ನು ಆರಂಭಿಸಿ ಹಳಗನ್ನಡ ಕಾವ್ಯಗಳನ್ನು ಕಂತುಕಂತಾಗಿ ಪ್ರಕಟಿಸಿದರು. ಅದೇ ದಶಕದಲ್ಲಿ ನಮ್ಮವರೇ ಆದ ಪದ್ಮರಾಜ ಪಂಡಿತರು ‘ಕಾವ್ಯಾಂಬುಧಿ’ಯ ಮೂಲಕ ಜೈನಕೃತಿಗಳನ್ನು ಬೆಳಕಿಗೆ ತಂದರು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ‘ಪ್ರಗತಿ ಆಣಿ ಜಿನವಿಜಯ’ವನ್ನು ತನ್ನ ಮುಖಪತ್ರವಾಗಿ ನಡೆಸಿತು. ಸ್ತ್ರೀಶಿಕ್ಷಣ, ವಿದ್ಯಾರ್ಥಿನಿಲಯ, ಬಸದಿಯ ಆಸ್ತಿಯ ಲೆಕ್ಕ, ಮದುವೆಯ ದುಂದುಗಾರಿಕೆ ಇಂಥ ವಿಷಯಗಳು ನಮ್ಮ ಸಮಾಜದಲ್ಲಿ ಬಾಯಿಮಾತಿನಿಂದ ಬರವಣಿಗೆಗೆ ಬಂದದ್ದು ಇಂತಹ ಪತ್ರಿಕೆಗಳಿಂದಲೇ.

ಬರವಣಿಗೆಗೆ ಬಂದಮೇಲೆ ಮಾತಿನ ಸ್ವಭಾವವೇ ಬದಲಾಗುತ್ತದೆ. ಹೆಸರು, ಊರು, ತಿಂಗಳು ಸಹಿತ ಅಚ್ಚಾದ ಮಾತನ್ನು ನಾನು ಆಡಿಲ್ಲವೆನ್ನಲು ಬರುವುದಿಲ್ಲ. ಒಂದೊಂದೇ ಮೊಳೆಯನ್ನು, ಒತ್ತಕ್ಷರ ಸಹಿತ, ಕೈಯಿಂದ ಜೋಡಿಸುತ್ತಿದ್ದ ದಿನಗಳಲ್ಲಿ ಮುದ್ರಾರಾಕ್ಷಸನ ಹಾವಳಿಯೂ ಕಡಿಮೆಯಿರಲಿಲ್ಲ. ಒಂದು ಸಂಚಿಕೆಯ ತಪ್ಪಿಗೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತಿತ್ತು. ತ್ರೈಮಾಸಿಕದ ಚರ್ಚೆಯಲ್ಲಿ ಉತ್ತರ ಕೊಡುವವನಿಗೆ ಮೂರು ತಿಂಗಳ ಅವಧಿಯಿತ್ತು. ಕೋಪದಿಂದ ಬರೆಯಲು ಆರಂಭಿಸಿದ ಪತ್ರವು ಅಂಚೆಗೆ ಬೀಳುವ ಹೊತ್ತಿಗೆ ಎಷ್ಟೋ ಮೆದುವಾಗುತ್ತಿತ್ತು. ತಂದೆಯವರು ರೇಷ್ಮೆಯ ಪತ್ರವನ್ನು ಮೂರು ಬಾರಿ ಹರಿದು ಬರೆದರೆಂದು ತಾಯಿಯವರು ಹೇಳುತ್ತಿದ್ದರು.

ಇದೇ ಪ್ರಶ್ನೆಯು ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಎದ್ದಿತು. ಸಂಜೆ ಆರಕ್ಕೆ ಆರಂಭವಾಗಿ ರಾತ್ರಿ ಹತ್ತರೊಳಗೆ ಇಬ್ಬರು ಗುಂಪನ್ನು ತೊರೆದರು. ಮರುದಿನ ಬೆಳಿಗ್ಗೆ ಶುಭೋದಯದ ಚಿತ್ರಗಳು ಬಂದು ಎಲ್ಲವನ್ನೂ ಮುಚ್ಚಿದವು. ಅಂದು ಯಾರು ಏನೆಂದರೆಂದು ಈಗ ಹುಡುಕಲು ಹೋದರೆ, ನನ್ನ ಹಳೆಯ ಫೋನಿನೊಡನೆ ಅದೂ ಹೋಗಿದೆ.

ಇದರಿಂದ ಹೊಸ ಸಾಧನವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಮಗನು ಅಮೆರಿಕದಲ್ಲಿ ಕುಳಿತು ಜೈನ ಇ-ಲೈಬ್ರರಿಯಿಂದ ಧವಲಾದ ಸಂಪುಟವನ್ನು ನಿಮಿಷದಲ್ಲಿ ತೆರೆಯುತ್ತಾನೆ. ಸಾವಿರ ಪ್ರತಿಗಳ ಅತ್ತಿಮಬ್ಬೆ ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದಳು. ಕಾಗದವೂ ಅಮರವಲ್ಲ. ಮರದ ತಿರುಳಿನ ಅಗ್ಗದ ಕಾಗದವು ತನ್ನೊಳಗಿನ ಆಮ್ಲದಿಂದಲೇ ಹಳದಿಯಾಗಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ನಮ್ಮ ಜಿಲ್ಲೆಯದೇ ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ, ಗಂಗರ ದಂಡನಾಯಕ ಶ್ರೀವಿಜಯನು ಕಟ್ಟಿಸಿದ ಜಿನಾಲಯದ ಸಂಗತಿಯನ್ನು 797ರ ತಾಮ್ರಪಟವು ಇಂದಿಗೂ ಹೇಳುತ್ತದೆ. ನಾನು 1970ರ ದಶಕದಲ್ಲಿ ಓದಿದ ಪತ್ರಿಕೆಯ ಕಾಗದಕ್ಕೆ ಐವತ್ತು ವರ್ಷವೂ ಭಾರವಾಗಿದೆ.

ಆದರೆ ಗಣಕಯಂತ್ರದ ಅಕ್ಷರವು ಕಾಗದಕ್ಕಿಂತಲೂ ಅಲ್ಪಾಯುವಾಗಬಲ್ಲದು. 1990ರ ದಶಕದಲ್ಲಿ ಮೊಳೆಗಳನ್ನು ಬಿಟ್ಟು ಗಣಕಯಂತ್ರಕ್ಕೆ ಬಂದ ಕನ್ನಡ ಪತ್ರಿಕೆಗಳು ಶ್ರೀಲಿಪಿ, ಆಕೃತಿ ಮುಂತಾದ ತಂತ್ರಾಂಶಗಳಲ್ಲಿ ಅಕ್ಷರ ಜೋಡಿಸಿದವು. ಅವುಗಳ ಸಂಕೇತಗಳು ಬೇರೆಬೇರೆ. ಇಂದಿನ ಯೂನಿಕೋಡ್ ಫೋನಿನಲ್ಲಿ ಆ ಕಡತವನ್ನು ಪರಿವರ್ತಿಸದೆ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಫ್ಲಾಪಿಗಳನ್ನು ಓದುವ ಯಂತ್ರವೇ ಈಗ ಸುಲಭವಾಗಿ ಸಿಗದು. ಹಳಗನ್ನಡ ಲಿಪಿಯ ಓಲೆಯನ್ನು ಎಂಟುನೂರು ವರ್ಷಗಳ ಮೇಲೂ ಓದಬಲ್ಲ ಪಂಡಿತರು ಸಿಕ್ಕರು. ಮೂವತ್ತು ವರ್ಷದ ಹಿಂದಿನ ಫ್ಲಾಪಿಯನ್ನು ಓದಿಸಲು ನಾನು ಎರಡು ಅಂಗಡಿ ಅಲೆದು ಬರಿಗೈಯಲ್ಲಿ ಮರಳಿದೆ.

ಬಸದಿಯ ಆಡಳಿತ ಮಂಡಳಿಗಳಲ್ಲಿರುವ ಬಂಧುಗಳಲ್ಲಿ ಒಂದು ವಿನಂತಿ. ಜೀರ್ಣೋದ್ಧಾರದ ವೇಳೆ ಮೊದಲು ಹೊರಗೆ ಹೋಗುವುದು ಮೂಲೆಯ ಬೀರುವಿನ ಹಳೆಯ ಸಂಚಿಕೆಗಳು. ಪುಸ್ತಕಗಳನ್ನು ಯಾರಾದರೂ ಉಳಿಸುತ್ತಾರೆ. ಪತ್ರಿಕೆಯ ಬಿಡಿ ಸಂಚಿಕೆಗೆ ದಿಕ್ಕಿಲ್ಲ. ತೂಗಿಸುವ ಮೊದಲು, ಯಾವ ಸಂಪುಟ, ಯಾವ ಸಂಚಿಕೆ ಇದೆ, ಯಾವುದು ಇಲ್ಲ ಎಂದು ಒಂದು ಪಟ್ಟಿಯನ್ನಾದರೂ ಮಾಡಿಸಿರಿ. ಪುಟಗಳ ಛಾಯಾಚಿತ್ರ ತೆಗೆಸಿದರೆ ಒಂದೇ ಯಂತ್ರದಲ್ಲಿಡದೆ ಮೂರು ಊರುಗಳಲ್ಲಿಡಿರಿ. ಚಿತ್ರ ತೆಗೆಸಿಯಾಯಿತೆಂದು ಮೂಲವನ್ನು ಎಸೆಯದಿರಿ. ಅಪರಿಗ್ರಹದ ಹೆಸರಿನಲ್ಲಿ ಕೆಲವರು ಇದಕ್ಕೆ ಅಡ್ಡಿ ಹೇಳುತ್ತಾರೆ. ನನಗಾಗಿ ಕೂಡಿಡುವುದು ಪರಿಗ್ರಹ. ಇನ್ನೊಬ್ಬರ ಓದಿಗಾಗಿ ಕಾಯ್ದಿಡುವುದನ್ನು ಹಾಗೆ ಕರೆಯಲು ನನ್ನ ಮನಸ್ಸು ಒಪ್ಪದು.

ನಾನು ಮಾರಿದ ಸಂಚಿಕೆಗಳನ್ನು ಕೆಲವು ವರ್ಷಗಳಿಂದ ಹುಡುಕುತ್ತಿದ್ದೇನೆ. ಕಳೆದ ವರ್ಷ ತುಮಕೂರಿನ ಸಹಧರ್ಮಿಯೊಬ್ಬರ ಮನೆಯಲ್ಲಿ ರೇಷ್ಮೆಯ ಚರ್ಚೆಯ ಮೂರನೆಯ ಸಂಚಿಕೆ ದೊರೆಯಿತು. ಅದರಲ್ಲಿ ಉತ್ತರ ಕನ್ನಡದ ಓದುಗರೊಬ್ಬರು ನನ್ನ ತಂದೆಯವರಿಗೆ ಒಂದೂವರೆ ಪುಟದ ಉತ್ತರ ಬರೆದಿದ್ದಾರೆ. ವಿಜಯಪುರದ ಮಹನೀಯರ ಮೊದಲೆರಡು ಮಾತುಗಳನ್ನು ತಾವು ಒಪ್ಪುವುದಾಗಿಯೂ ಮೂರನೆಯದನ್ನು ಒಪ್ಪಲಾರೆವೆಂದೂ ಅವರು ವಿನಯದಿಂದ ಹೇಳಿದ್ದಾರೆ. ಆ ಮೂರು ಮಾತುಗಳು ಯಾವುವೆಂಬುದು ಎರಡನೆಯ ಸಂಚಿಕೆಯಲ್ಲಿದೆ. ಅದು ಇನ್ನೂ ಸಿಕ್ಕಿಲ್ಲ.